ಹೂಂ ಅನ್ನುವವರಿಲ್ಲದ ಪರೀಕ್ಷೆ

ನಾನು ಪರೀಕ್ಷೆ ಬರೆಯುವ ರಟ್ಟು. ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕಟ್ಟಿಗೆಯ ಹೊಟ್ಟನ್ನು ಒತ್ತಿ ನನ್ನನ್ನು ಮಾಡಿದರು. ಮೈ ಆರುವ ಮೊದಲೇ ನೆತ್ತಿಗೆ ಎರಡು ಮೊಳೆ ಹೊಡೆದು ತಗಡಿನ ಕ್ಲಿಪ್ಪು ಕೂರಿಸಿದರು. ಅಂದಿನಿಂದ ನನ್ನ ಉದ್ಯೋಗ ಒಂದೇ, ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದುಕೊಳ್ಳುವುದು. ಬಿಡಬೇಕು ಅನ್ನಿಸಿದರೂ ನಾನಾಗಿ ಬಿಡಲಾರೆ, ಯಾರಾದರೂ ಕ್ಲಿಪ್ಪು ಒತ್ತಬೇಕು.

ನನ್ನನ್ನು ಕೊಂಡವನು ಚನ್ನವೀರಪ್ಪ. ಆಗ ಅವನ ಮೀಸೆ ಕಪ್ಪಗಿತ್ತು, ಸರಕಾರಿ ಅಧಿಕಾರಿಯಾಗುವ ಆಸೆಯೂ ಇತ್ತು. ಮೂರು ಸಲ ನನ್ನನ್ನು ಕಂಕುಳಲ್ಲಿಟ್ಟುಕೊಂಡು ಪರೀಕ್ಷೆಗೆ ಹೋದ, ಮೂರು ಸಲವೂ ನಪಾಸಾದ. ಸಮಾಧಾನದ ಒಂದು ಮಾತನ್ನೂ ಅವನಿಗೆ ಯಾರೂ ಹೇಳಲಿಲ್ಲ. ನನ್ನನ್ನು ಟ್ರಂಕಿಗೆ ಹಾಕಿ, ಬೀಜದ ಅಂಗಡಿಯಲ್ಲಿ ಗುಮಾಸ್ತನಾದ. ಹದಿನೈದು ವರ್ಷ ನಾನು ನುಸಿಗುಳಿಗೆಯ ವಾಸನೆಯಲ್ಲೇ ಬಿದ್ದಿದ್ದೆ.

ನನ್ನನ್ನು ಹೊರಗೆ ತೆಗೆಸಿದ್ದು ಒಂದು ಕೆಂಪು ಗುರುತು. ಎಂಟನೆಯ ತರಗತಿಯಲ್ಲಿದ್ದ ಅವನ ಮಗಳು ಮಧುಮತಿಯ ನೋಟ್‌ಬುಕ್ಕಿನಲ್ಲಿ ಒಂದು ತಪ್ಪು ಲೆಕ್ಕಕ್ಕೆ ಮಾಸ್ತರರು ಸರಿ ಎಂದು ಗುರುತು ಹಾಕಿದ್ದರು. ಚನ್ನವೀರಪ್ಪ ಕೆಂಡವಾದ.

“ತಪ್ಪಿಗೆ ರೈಟ್ ಹಾಕೋ ಶಾಲಿ ನನ್ನ ಮಗಳಿಗೆ ಬ್ಯಾಡ. ಮನ್ಯಾಗ ನಾನ ಕಲಸ್ತೀನಿ. ಎಸ್ಸೆಸ್ಸೆಲ್ಸಿ ಖಾಸಗಿ ಕಟ್ಟಸ್ತೀನಿ” ಎಂದು ಹೆಂಡತಿ ಶಾಂತವ್ವನಿಗೆ ಹೇಳಿದ.

ಗೋಡೆಗೆ ಮುಖ ಮಾಡಿದ ಮೇಜು, ಅದರ ಮೇಲೆ ನಾನು, ನನ್ನ ಮುಂದೆ ಮಧುಮತಿ. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಅಂಗಡಿಯಿಂದ ಬಂದ ಮೇಲೆ ಮತ್ತೆ. ಗಮನ ಅತ್ತಿತ್ತ ಹೋದೀತೆಂದು ಕಿಟಕಿ ಮುಚ್ಚಿರುತ್ತಿತ್ತು. ಹೊರಗೆ ಹಳೆಯ ಗೆಳತಿಯರ ಸೈಕಲ್ ಗಂಟೆ ಕೇಳಿದಾಗ ಅವಳು ನನ್ನ ಕ್ಲಿಪ್ಪನ್ನು ಮೆಲ್ಲಗೆ ಒತ್ತಿ ಬಿಡುತ್ತಿದ್ದಳು, ಟಕ್, ಟಕ್. ಅವಳು ಯಾರೊಂದಿಗಾದರೂ ಮನಸ್ಸು ಬಿಚ್ಚುತ್ತಿದ್ದರೆ ಅದು ಅಷ್ಟೇ.

ಉಳಿದ ವಿಷಯಗಳೆಲ್ಲ ಬಾಯಿಪಾಠ. ಗಣಿತದ ರೀತಿ ಬೇರೆ. ಅವಳು ಒಂದು ಸಾಲು ಬರೆದು ತಲೆ ಎತ್ತಬೇಕು. ಸರಿಯಿದ್ದರೆ ಅಪ್ಪ “ಹೂಂ, ಮುಂದ” ಅನ್ನುತ್ತಿದ್ದ. ತಪ್ಪಿದ್ದರೆ ಬೈಯುತ್ತಿರಲಿಲ್ಲ, ಬಡಿಯುತ್ತಿರಲಿಲ್ಲ, ಸುಮ್ಮನಿರುತ್ತಿದ್ದ. ಅವಳು ಅದನ್ನು ಹೊಡೆದು ಹಾಕಿ ಮತ್ತೆ ಬರೆಯುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು. ತನ್ನಷ್ಟು ಚೆನ್ನಾಗಿ ಕಲಿಸುವವರು ಜಿಲ್ಲೆಯಲ್ಲೇ ಇಲ್ಲವೆಂದು ಚನ್ನವೀರಪ್ಪನಿಗೆ ಅನ್ನಿಸಿತ್ತು. ನಾನೂ ನಂಬಿದ್ದೆ, ಸುಳ್ಳೇಕೆ ಹೇಳಲಿ.

ಗಣಿತದ ಪರೀಕ್ಷೆಯ ದಿನ ಮಧುಮತಿ ಮೊದಲ ಲೆಕ್ಕದ ಮೊದಲ ಸಾಲು ಬರೆದು ತಲೆ ಎತ್ತಿದಳು. ಕೋಣೆ ಸುಮ್ಮನಿತ್ತು. ಮೇಲ್ವಿಚಾರಕಿ ಬಂದು, “ಏನವಾ, ನೀರ ಬೇಕೇನ?” ಎಂದು ಕೇಳಿದರು. ಬೇಡವೆಂದು ತಲೆಯಾಡಿಸಿ ಹುಡುಗಿ ಆ ಸಾಲನ್ನು ಹೊಡೆದು ಹಾಕಿದಳು. ಮತ್ತೆ ಬರೆದಳು, ಮತ್ತೆ ತಲೆ ಎತ್ತಿದಳು. ಸರಿಯಾದ ಉತ್ತರಗಳನ್ನು ಒಂದೊಂದಾಗಿ ಹೊಡೆದು ಹಾಕುತ್ತ ಹೋದಳು. ಅವಳ ಬೆವರಿಗೆ ನನ್ನ ಮೈ ಒದ್ದೆಯಾಯಿತು. ನನಗೆ ಬಾಯಿದ್ದಿದ್ದರೆ ಕಿರುಚಿಬಿಡುತ್ತಿದ್ದೆ.

ಗಣಿತ ಹೋಯಿತು. ಚನ್ನವೀರಪ್ಪ ಅಂಕಪಟ್ಟಿ ಮಡಚಿಟ್ಟು, “ಇನ್ನೊಂದ ವರ್ಷ ನನ್ನ ಕೈಯಾಗ ಕೂತು ಗಟ್ಟಿ ಆಗಲಿ. ಕಾಲೇಜಿಗೆ ಏನ್ ಅವಸರ?” ಅಂದ. ಮಧುಮತಿಯ ಮುಖ ನೋಡಲಾಗಲಿಲ್ಲ. ಶಾಂತವ್ವ ಅಡುಗೆಮನೆಯಿಂದಲೇ ಹೇಳಿದಳು, “ಜೂನದಾಗ ಇನ್ನೊಮ್ಮೆ ಪರೀಕ್ಷಾ ಐತಲ್ಲ, ಅದಕ್ಕ ಕೂಡ್ಲಿ.” ಅದೂ ಹೋದರೆ ಮನೆಯಲ್ಲಿ ಮತ್ತೊಂದು ವರ್ಷ ಎಂಬ ಮಾತಿನ ಮೇಲೆ ಅವನು ಒಪ್ಪಿದ.

ಮಧ್ಯಾಹ್ನ ಅವನು ಅಂಗಡಿಗೆ ಹೋದ ಮೇಲೆ ಶಾಂತವ್ವ ಮೇಜಿನಿಂದ ನನ್ನನ್ನೂ ಎತ್ತಿ ತಂದು, ಮಗಳನ್ನು ಒಲೆಯ ಬಳಿ ಕೂರಿಸಿಕೊಂಡಳು.

“ಬರೋ ಲೆಕ್ಕಾನೂ ಯಾಕ ಬಿಟ್ಟಿ?”

“ಯಾರೂ ಹೂಂ ಅನಲಿಲ್ಲವ್ವಾ. ಎಲ್ಲಾ ತಪ್ಪಂತ ಹೊಡದ ಹಾಕಿದೆ.”

ಶಾಂತವ್ವ ಕೈಯಲ್ಲಿದ್ದ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. ಆಮೇಲೆ ಅವಳು ನನ್ನನ್ನು ಮಗಳ ತೊಡೆಯ ಮೇಲಿಟ್ಟಳು. “ನನಗಂತೂ ಗಣಿತ ಬರೂದಿಲ್ಲ, ನಾ ಹೂಂ ಅಂದ್ರ ಅದಕ್ಕ ಬೆಲಿ ಇಲ್ಲ. ನೀನ ನೋಡು, ನೀನ ಹೂಂ ಅನಕೋ” ಅಂದಳು.

ಮೊದಲ ವಾರ ಮಧುಮತಿಗೆ ಧ್ವನಿಯೇ ಹೊರಡಲಿಲ್ಲ. ರೊಟ್ಟಿ ಬಡಿಯುವ ಸದ್ದಿನ ನಡುವೆ ಒಂದು ದಿನ ಸಣ್ಣದೊಂದು “ಹೂಂ” ಕೇಳಿತು. ನನ್ನ ಮೇಲೆ ಹಿಟ್ಟು ಉದುರಿತ್ತು, ನನಗೆ ಅದೇ ಹಬ್ಬ.

ಜೂನಿನಲ್ಲಿ ಅವಳು ಹೂಂಗುಟ್ಟುತ್ತಲೇ ಬರೆದಳು. ಪಕ್ಕದ ಹುಡುಗಿ ಎರಡು ಸಲ ತಿರುಗಿ ನೋಡಿದಳು. ಮಧುಮತಿ ಪಾಸಾದಳು.

ಕಾಲೇಜಿನ ಅರ್ಜಿ ತುಂಬಲು ಚನ್ನವೀರಪ್ಪ ನನ್ನನ್ನೇ ತೊಡೆಯ ಮೇಲಿಟ್ಟುಕೊಂಡ. ವಿಭಾಗದ ಕಾಲಂ ಬಂದಾಗ ಪೆನ್ನು ತಡೆಯಿತು. ಅವನಿಗೆ ವಿಜ್ಞಾನ ಬೇಕಿತ್ತು, ಅವಳು ಕೇಳಿದ್ದು ವಾಣಿಜ್ಯ. ಜೂನಿನ ಅಂಕಪಟ್ಟಿಯನ್ನು ಇನ್ನೊಮ್ಮೆ ನೋಡಿ, ಅವಳು ಕೇಳಿದ್ದನ್ನೇ ಬರೆದು ತಲೆ ಎತ್ತಿದ. ಅವಳು ಬಗ್ಗಿ ಆ ಸಾಲು ಓದಿದಳು.

“ಹೂಂ” ಅಂದಳು ಮಧುಮತಿ. “ಮುಂದ ಬರೀರಿ, ಅಪ್ಪಾ.”

ಈಗ ನಾನು ಕಪಾಟಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿದ್ದೇನೆ. ಕ್ಲಿಪ್ಪಿಗೆ ತುಕ್ಕು ಹಿಡಿದಿದೆ, ಕೊನೆಯಲ್ಲಿ ಹಿಡಿದ ಒಂದು ಹಾಳೆ ಅಲ್ಲೇ ಉಳಿದಿದೆ. ಅದರಲ್ಲಿರುವುದು ಮಧುಮತಿ ಅಡುಗೆಮನೆಯಲ್ಲಿ ಮಾಡಿದ ಒಂದು ಲೆಕ್ಕ. ಅದಕ್ಕೆ ಯಾರೂ ಕೆಂಪು ಗುರುತು ಹಾಕಿಲ್ಲ. ಅದು ಸರಿಯಾಗಿಯೇ ಇದೆ.