ಎರಡು ಸರದಿಯ ಊಟ

ಗೆಳತಿಯರಿಬ್ಬರು ಮಾತು ಬಿಟ್ಟರೆ ಮೂರನೆಯವಳ ಹೊಟ್ಟೆ ಕೆಡುತ್ತದೆ ಎಂದು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ನಾನು ತಿಂದು ಕಲಿತೆ.

ಕಾಲೇಜಿನ ಮೆಸ್ಸಿನಲ್ಲಿ ಕೈತೊಳೆಯುವ ನಲ್ಲಿಯ ಪಕ್ಕದ ಮೇಜು ನಮ್ಮದು. ನೀರು ಸಿಡಿಯುತ್ತದೆಂದು ಬೇರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಹಾಗಾಗಿ ಮೊದಲ ವರ್ಷದಿಂದ ಅದಕ್ಕೆ ನಾವು ಮೂವರೇ ಒಡತಿಯರು. ಒಬ್ಬಳು ಏಣಿ: ಉದ್ದಕ್ಕೆ ಬೆಳೆದವಳು, ಮಾತಿಗೆ ಮುಂಚೆ ಕಣ್ಣಲ್ಲಿ ನೀರು. ಇನ್ನೊಬ್ಬಳು ಮೆಣಸಿ: ನಾಲಿಗೆಗೆ ಕಡಿವಾಣವಿಲ್ಲ. ನಾನು ಗುಂಡು. ಯಾಕೆಂದು ನೋಡಿದವರಿಗೆ ತಾನಾಗಿಯೇ ಗೊತ್ತಾಗುತ್ತದೆ. ಮೊಟ್ಟೆ ಕೊಡುವ ದಿನ ಏಣಿ ತನ್ನ ಮೊಟ್ಟೆಯ ಹಳದಿಯನ್ನು ಮೆಣಸಿಯ ತಟ್ಟೆಗೆ ದಾಟಿಸುತ್ತಿದ್ದಳು, ಮೆಣಸಿ ತನ್ನ ಬಿಳಿಯನ್ನು ಅವಳಿಗೆ. ಕೇಳುವುದು, ಹೇಳುವುದು ಏನೂ ಇರಲಿಲ್ಲ.

ಕೊನೆಯ ವರ್ಷದಲ್ಲಿ ಈ ಮೇಜು ಮುರಿಯಿತು. ಏಣಿ ದಿನವೂ ಸಂಜೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿ ಅಳುತ್ತಿದ್ದಳು. ಒಂದು ದಿನ ಮೆಣಸಿ ಚಮಚವನ್ನು ಕಿವಿಗಿಟ್ಟುಕೊಂಡು, ಮೂಗೆಳೆಯುತ್ತಾ, "ಅಮ್ಮಾ, ನಂಗಿಲ್ಲಿ ಆಗಲ್ಲಮ್ಮಾ" ಎಂದು ಇಡೀ ಮೆಸ್ಸಿಗೆ ಕೇಳುವಂತೆ ಅವಳ ಅಳುವನ್ನು ಮಾಡಿ ತೋರಿಸಿದಳು. ಮೆಸ್ಸೆಲ್ಲ ಬಿದ್ದು ಬಿದ್ದು ನಕ್ಕಿತು. ಏಣಿ ತಟ್ಟೆ ಬಿಟ್ಟು ಎದ್ದು ಹೋದಳು.

"ಅವಳು ಕೂತಿರೋ ಕಡೆ ನಾನು ನೀರೂ ಕುಡಿಯಲ್ಲ" ಎಂದಳು ಏಣಿ, ಹಿಂದೆಯೇ ಹೋದ ನನಗೆ.

"ತಮಾಷೆಗೆಲ್ಲ ಕ್ಷಮೆ ಕೇಳ್ತಾ ಕೂತ್ರೆ ಬದುಕೋಕಾಗತ್ತಾ? ಹೋಗೇ" ಎಂದಳು ಮೆಣಸಿ, ಕ್ಷಮೆ ಕೇಳು ಎಂದ ನನಗೆ.

ಅಂದಿನಿಂದ ಏಣಿ ಬಾಗಿಲು ತೆರೆಯುತ್ತಲೇ ಉಂಡು ಹೋಗುತ್ತಿದ್ದಳು. ಮೆಣಸಿ ಪಾತ್ರೆಯ ತಳ ಕೆರೆಯುವ ಹೊತ್ತಿಗೆ ಬರುತ್ತಿದ್ದಳು. ನಾನು ಯಾರ ಜೊತೆ ಕೂತರೂ ಇನ್ನೊಬ್ಬಳಿಗೆ ಕೈಕೊಟ್ಟಂತೆ. ಪರೀಕ್ಷೆ ಮುಗಿದರೆ ಮೂವರೂ ಮೂರು ದಿಕ್ಕು. ಅಷ್ಟರೊಳಗೆ ಇವರು ಒಂದಾಗದಿದ್ದರೆ ಇನ್ನು ಜನ್ಮದಲ್ಲಿ ಆಗುವುದಿಲ್ಲ ಎಂದು ನನಗೆ ನಿಜಕ್ಕೂ ಭಯವಾಗಿತ್ತು. ಅಲ್ಲಿಯವರೆಗೆ ಇಬ್ಬರನ್ನೂ ಹಿಡಿದುಕೊಂಡಿರಬೇಕಲ್ಲ? ಎರಡು ಸಲ ಊಟ ಮಾಡತೊಡಗಿದೆ. ಅಲ್ಲಿ ಸ್ವಲ್ಪ, ಇಲ್ಲಿ ಸ್ವಲ್ಪ. ಬಡಿಸುವ ಅಕ್ಕ ಎರಡನೇ ಸಲ ನನ್ನನ್ನು ನೋಡಿ ಹುಬ್ಬೇರಿಸುತ್ತಿದ್ದಳು, ಆದರೆ ಏನೂ ಕೇಳದೆ ಸೌಟು ಬಗ್ಗಿಸುತ್ತಿದ್ದಳು.

ನನ್ನ ಲೆಕ್ಕಾಚಾರ ತಲೆಕೆಳಗಾಯಿತು. ತಟ್ಟೆಯಲ್ಲಿ ಇಷ್ಟೇ ಇಷ್ಟು ಹಾಕಿಸಿಕೊಳ್ಳುವುದನ್ನು ಕಂಡು ಇಬ್ಬರೂ ಗಾಬರಿಯಾದರು.

"ನೀನು ಸೊರಗ್ತಾ ಇದೀಯ ಕಣೇ" ಎಂದು ಏಣಿ ಕಣ್ಣೊರೆಸಿಕೊಂಡಳು. ನನ್ನ ಬಟ್ಟೆಯ ಹೊಲಿಗೆಗಳು ಬೇರೆಯೇ ಕಥೆ ಹೇಳುತ್ತಿದ್ದವು.

"ನಮ್ಮ ಜಗಳಕ್ಕೆ ನೀನ್ಯಾಕೆ ಉಪವಾಸ ಬೀಳ್ತೀಯ?" ಎಂದು ಮೆಣಸಿ ಗದರಿದಳು.

"ಹಸಿವಿಲ್ಲ ಕಣೇ" ಎನ್ನುತ್ತಿದ್ದೆ ಇಬ್ಬರಿಗೂ. ಅದೇನೂ ಸುಳ್ಳಲ್ಲ.

ಆಮೇಲೊಂದು ಮೊಟ್ಟೆಯ ದಿನ. ನಾನು ಏಣಿಯ ಜೊತೆ ಕೂತಿದ್ದೆ. ಅವಳು ಹಳದಿಯನ್ನು ಬಿಡಿಸಿ ಎತ್ತಿದಳು. ಅವಳ ಕೈ ಮೆಣಸಿಯ ಖಾಲಿ ಕುರ್ಚಿಯ ಕಡೆಗೆ ಹೋಗಿ ಅರ್ಧದಲ್ಲೇ ನಿಂತಿತು. ಅವಳು ಅದನ್ನು ನನ್ನ ತಟ್ಟೆಗೆ ಹಾಕಿದಳು. ನಾನು ಬಾಯಿಗೆ ತುರುಕಿಕೊಂಡು ತಲೆಯೆತ್ತಿದರೆ ಎದುರಿಗೆ ಮೆಣಸಿ! ನನಗೆ ಬಲವಂತವಾಗಿ ಬಿಸಿ ಅನ್ನ ತಿನ್ನಿಸಲೆಂದು, ಬೇಗ ಬಂದು ಸಾಲಿನಲ್ಲಿ ನಿಂತು, ತುಂಬಿದ ತಟ್ಟೆ ಹಿಡಿದು ನನ್ನನ್ನು ಹುಡುಕುತ್ತಿದ್ದಳು.

"ಹಸಿವಿಲ್ಲ ಅಂದ್ಯಲ್ಲೇ?"

"ನಂಗೂ ಹಾಗೇ ಅಂದ್ಲು" ಎಂದಳು ಏಣಿ, ತಟ್ಟೆ ನೋಡುತ್ತಾ.

ಮೆಣಸಿ ಅವಳ ಕಡೆ ತಿರುಗಿದಳು. "ಅಂದ್ರೆ ನಿನ್ ಜೊತೆ ತಿಂದು, ಮತ್ತೆ ನನ್ ಜೊತೆನೂ ತಿಂತಾಳೆ! ನೋಡಿದ್ಯಾ ಇವಳ ನಾಟಕ?"

ಜಗಳದ ನಂತರ ಅವಳು ಏಣಿಗೆ ಆಡಿದ ಮೊದಲ ಮಾತು ಅದು. ನನಗೆ ತಡೆಯಲಾಗಲಿಲ್ಲ.

"ಹೌದು, ತಿಂದೆ. ನಿಮ್ಮಿಬ್ಬರಲ್ಲಿ ಒಬ್ಬರನ್ನ ಆರಿಸ್ಕೊಳ್ಳೋಕೆ ನಂಗಾಗಲ್ಲ. ಹೊಟ್ಟೆ ಒಡೆದು ಸತ್ರೂ ಇಬ್ಬರ ಜೊತೆನೂ ತಿಂತೀನಿ." ಬಾಯಲ್ಲಿ ಹಳದಿ ಇಟ್ಟುಕೊಂಡೇ ಅತ್ತುಬಿಟ್ಟೆ.

ಮೆಣಸಿ ನಗಲಿಲ್ಲ. ಖಾಲಿ ಕುರ್ಚಿಯಲ್ಲಿ ಕೂತಳು. ಶಾಲೆಗೆ ಹೋಗುವಾಗಲೇ ತಾಯಿಯನ್ನು ಕಳೆದುಕೊಂಡವಳು ಅವಳು. ಆ ಮಾತು ಬಂದಾಗಲೆಲ್ಲ ಏನೋ ಕೀಟಲೆ ಮಾಡಿ ಹಾರಿಸಿಬಿಡುತ್ತಿದ್ದಳು.

"ಅವತ್ತಿಂದು ತಮಾಷೆ ಅಲ್ಲ ಕಣೇ" ಎಂದಳು ಏಣಿಗೆ. "ನೀನು ಅತ್ರೆ ಕೇಳಿಸ್ಕೊಳ್ಳೋಕೆ ಆ ಕಡೆ ಒಬ್ರು ಇದಾರೆ. ನಂಗ್ಯಾರಿದಾರೆ? ಹೊಟ್ಟೆಕಿಚ್ಚು, ಅಷ್ಟೇ. ತಪ್ಪಾಯ್ತು."

ಏಣಿ ತನ್ನ ನೀರಿನ ಲೋಟವನ್ನು ಅವಳ ಮುಂದೆ ಸರಿಸಿದಳು. "ಅಮ್ಮ ದಿನಾ ಕೇಳ್ತಾಳೆ, ಮೆಣಸಿ ಹೇಗಿದಾಳೆ ಅಂತ. ಚೆನ್ನಾಗಿದಾಳೆ, ಜೊತೇಲೇ ಊಟ ಮಾಡಿದ್ವಿ ಅಂತ ಸುಳ್ಳು ಹೇಳಿ ಹೇಳಿ ಸಾಕಾಗಿದೆ. ಇವತ್ತು ನೀನೇ ಮಾತಾಡು."

ಮೆಣಸಿ ಹೂಂ ಎಂದು ತಲೆಯಾಡಿಸಿದಳು. ತನ್ನ ಮೊಟ್ಟೆಯ ಬಿಳಿಯನ್ನು ಬಿಡಿಸಿ ಏಣಿಯ ತಟ್ಟೆಗಿಟ್ಟಳು. ಏಣಿ ತನ್ನ ತಟ್ಟೆಯಲ್ಲಿ ಹಳದಿಗಾಗಿ ತಡಕಾಡಿದಳು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದರು.

ನಾನು ತಟ್ಟೆ ಹಿಡಿದು ಎದ್ದು ಹೋದೆ.

"ಇವತ್ತು ಎರಡನೇ ಊಟಕ್ಕೆ ಬೇಗ ಬಂದ್ಯಲ್ಲೇ" ಎಂದಳು ಬಡಿಸುವ ಅಕ್ಕ.

"ಒಂದು ಮೊಟ್ಟೆ ಅಕ್ಕಾ. ನನಗಲ್ಲ" ಎಂದೆ.