ಪರಮಣ್ಣನ ಹುಲಿಯುಗುರು

ಹುಲಿ ದಿನದ ಭಾಷಣಕ್ಕೆ ಸುರಪುರದ ಶಾಲೆಯವರು ಕರೆದದ್ದು ಗುತ್ತಿಗೆದಾರ ಪರಮಣ್ಣನನ್ನು. ಶಾಮಿಯಾನ ಅವನದು, ಅಷ್ಟು ಅರ್ಹತೆ ಸಾಕಿತ್ತು. ಹುಲಿಯಿಲ್ಲದ ಸೀಮೆಯಲ್ಲಿ ಹುಲಿಯ ಬಗ್ಗೆ ಯಾರಾದರೂ ಮಾತಾಡಬಹುದು.

"ಹುಲಿ ಉಳಸ್ರಿ! ಹುಲಿ ಅಂದ್ರ ದೇಶದ ಮಾನ!" ಎಂದು ಅವನು ಎದೆ ತಟ್ಟಿಕೊಂಡಾಗಲೆಲ್ಲ ಬಂಗಾರದ ಕಟ್ಟಿನ ಎರಡು ಉಗುರು ಅಂಗಿಯ ಮೇಲೆ ಕುಣಿದವು. "ನೋಡ್ರಿ, ನಮ್ಮ ಮುತ್ಯಾ ಒಬ್ಬನs ಹೊಡದ ಹುಲಿದು!" ಅಜ್ಜನ ಶೌರ್ಯಕ್ಕೆ ಮಕ್ಕಳು ಚಪ್ಪಾಳೆ ತಟ್ಟಿದರು. ಮಾಸ್ತರರೂ ತಟ್ಟಿದರು.

ಕೊನೆಯ ಕುರ್ಚಿಯಲ್ಲಿದ್ದ ಅರಣ್ಯ ರಕ್ಷಕಿ ಚಂದಮ್ಮ ತಟ್ಟಲಿಲ್ಲ. ಪಕ್ಕದ ದೇವಾಪುರದವಳಾದರೂ ಮೂರು ವರ್ಷ ಮೈಸೂರು ಕಡೆಯ ಕಾಡಿನಲ್ಲಿ ನೌಕರಿ ಮಾಡಿ ಬಂದಿದ್ದಳು. ಅಲ್ಲೊಮ್ಮೆ ಉರುಳಿಗೆ ಬಿದ್ದು ಸತ್ತ ಹೆಣ್ಣು ಹುಲಿಯನ್ನು ಕಂಡಿದ್ದಳು. ನಾಲ್ಕೂ ಪಾದ ಕತ್ತರಿಸಿ ಒಯ್ದಿದ್ದರು. ಮೊಲೆಯಲ್ಲಿ ಇನ್ನೂ ಹಾಲಿತ್ತು. ದೇಶದ ಹುಲಿಗಳನ್ನೆಲ್ಲ ತಂದು ಹಂಚಿದರೂ ಸುರಪುರದ ಹತ್ತು ಮಂದಿಗೆ ಒಂದು ಬರದು. ಉಗುರು ಬೇಕೆನ್ನುವ ಕೊರಳುಗಳಿಗೆ ಮಾತ್ರ ಲೆಕ್ಕವಿಲ್ಲ.

ಆಕೆ ಎದ್ದು ನಿಂತಳು. "ಸಾವ್ಕಾರ್ರ, ಅವು ಖರೇ ಉಗುರೇನ್ರಿ?"

"ಖರೇ ಅಂದ್ರ ಖರೇ! ಸುಳ್ಳು ನಮ್ಮ ಮನ್ಯಾಗಿಲ್ಲ."

"ಹಂಗಾರ ಬಿಚ್ಚಿ ಕೊಡ್ರಿ. ಹುಲಿ ಉಗುರು ಇಟ್ಕೊಂಡ್ರ ಮೂರು ವರ್ಷಕ್ಕ ಕಡಿಮಿ ಇಲ್ಲ ಜೈಲು."

ಪರಮಣ್ಣನ ದನಿ ಮೈಕಿನಲ್ಲೇ ಸಣ್ಣದಾಯಿತು. "ಏ ತಂಗಿ, ಸುಮ್ನ ಚಾಷ್ಟಿ ಮಾಡೀನಿ. ಡೂಪ್ಲಿಕೇಟ್ ಅದಾವ. ಹೈದ್ರಾಬಾದಿನ್ಯಾಗ ತಗೊಂಡಿದ್ದು."

"ಮತ್ತ ಮುತ್ಯಾ?"

"ಮುತ್ಯಾಗ ಬಂದೂಕ ಹಿಡಿಯಾಕs ಬರ್ತಿದ್ದಿಲ್ಲ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಚಂದಮ್ಮ ಹೆಡ್ಮಾಸ್ತರರ ಕೋಣೆಯಲ್ಲೇ ಪಂಚನಾಮೆ ಬರೆದು, ಉಗುರುಗಳನ್ನು ಪರೀಕ್ಷೆಗೆ ಕಳಿಸಿದಳು.

ಎರಡು ತಿಂಗಳಿಗೆ ವರದಿ ಬಂತು. ಪರಮಣ್ಣನನ್ನು ಕಚೇರಿಗೆ ಕರೆಸಿ ಹೇಳಿದಳು: "ದನದ ಕೊಂಬು ಕೆತ್ತಿ ಮಾಡಿದ್ದಂತ. ಕೇಸಿಲ್ಲ. ಸಹಿ ಮಾಡಿ ಒಯ್ರಿ."

ಜೈಲು ತಪ್ಪಿದವನ ಮುಖ ಅರಳಬೇಕಿತ್ತು. ಬಾಡಿತು. "ಇನ್ನೊಮ್ಮಿ ತಪಾಸ್ ಮಾಡಸ್ರಿ ಮೇಡಂ. ಮುತ್ಯಾ ಹೊಡದದ್ದು ಖರೇ ಅದರಿ. ಮಂದಿ ಮುಂದ ನಾ ಹ್ಯಾಂಗ ತಿರಗಾಡ್ಲಿ?"

"ನಿಮ್ಮ ಮುತ್ಯಾ ಹುಲಿ ಕೊಂದಿಲ್ಲ. ನಿಮ್ಮ ಮನಿತನದಾಗ ಅದೊಂದಾದ್ರೂ ಪುಣ್ಯದ ಕೆಲಸ ಆಗೇದ. ಖುಷಿ ಪಡ್ರಿ."

ಅವನು ಸಹಿ ಮಾಡಿ, ಉಗುರುಗಳನ್ನು ಜೇಬಿಗೆ ಇಳಿಸಿಕೊಂಡು ಹೋದ.

ವಾರದೊಳಗೆ ರಂಗಂಪೇಟೆಯ ಅಕ್ಕಸಾಲಿಗ ಬಸಲಿಂಗ ಚಂದಮ್ಮನಿಗೆ ಫೋನ್ ಮಾಡಿದ. "ಅಕ್ಕಾ, ಪರಮಣ್ಣ ಬಂದಿದ್ದ. ಖರೇ ಉಗುರು ಎಲ್ಲಿ ಸಿಗ್ತಾವ ಅಂತ ಕೇಳಾಕತ್ತಾನ. ಎಷ್ಟಾದ್ರೂ ಆಗ್ಲಿ ಅಂತಾನ."

ಚಂದಮ್ಮ ಹಾಳೆ ತೆಗೆದುಕೊಂಡಳು. ಮೇಲಧಿಕಾರಿಗೆ ಬರೆದ ಕಾಗದದಲ್ಲಿ ಪರಮಣ್ಣನ ಹೆಸರು, ಊರು, ಫೋನ್ ನಂಬರು ಹಾಕಿ, ಇವನ ಮೇಲೆ ಕಣ್ಣಿಡಬೇಕು ಎಂದು ಸೇರಿಸಿ, ಅಂದೇ ಕಳಿಸಿದಳು.