ಯಾಕೋ

"ಮೊದಲು ಬೇಡ ಅಂತಲೇ ಒತ್ತಿದ್ದೆ ಕಣಯ್ಯಾ," ಎಂದ ಭಾವ. ಭಾಮೈದ ತುಟಿಗೆ ತಂದಿದ್ದ ಕಾಫಿ ಲೋಟವನ್ನು ಕೆಳಗಿಟ್ಟ.

ಭಾವ ಬಂದರಿನಲ್ಲಿ ಕ್ರೇನ್ ನಡೆಸುವವನು. ಯಾವ ಸರಕನ್ನು ಯಾವಾಗ ಎತ್ತಬೇಕೆಂದು ಕ್ರೇನಿನ ಪರದೆಯ ಮೇಲೆ ಹೇಳುವ ಕೃತಕ ಬುದ್ಧಿಮತ್ತೆಯನ್ನು ರೂಪಿಸಿದವನು ಅವನ ಹೆಂಡತಿಯ ತಮ್ಮ, ಈ ಭಾಮೈದನೇ. "ಕೊನೇ ಮಾತು ನಿಮ್ದೇ ಭಾವ. ಸರಿ ಅಂದ್ರೆ ಎತ್ತತ್ತೆ, ಬೇಡ ಅಂದ್ರೆ ಸುಮ್ನಿರತ್ತೆ," ಎಂದು ಅಂದು ಬೀಗಿದ್ದ. "ನಿಮ್ಮಕ್ಕನಿಗೂ ಇಂಥದ್ದೊಂದು ಹಾಕ್ಸಪ್ಪ," ಎಂದು ಭಾವ ಕಾಲೆಳೆದಿದ್ದ.

ಇಂದು ಭಾವನ ಮುಖದಲ್ಲಿ ತಮಾಷೆಯ ಸುಳಿವಿರಲಿಲ್ಲ.

"ಬೇಡ ಅಂದ ತಕ್ಷಣ ಕಾರಣ ಬರೀರಿ ಅಂತು. ಪೈಪಿನ ಕಟ್ಟು ಯಾಕೋ ಸರಿ ಕಾಣ್ತಿಲ್ಲ ಅಂತ ಬರೆದೆ. ಕಾರಣ ಸ್ಪಷ್ಟವಾಗಿಲ್ಲ ಅಂತು. ಯಾಕೋ ಮನಸ್ಸು ಒಪ್ತಿಲ್ಲ ಅಂದೆ. ಮತ್ತೆ ಅದೇ ರಾಗ. ಕೆಳಗೆ ಲಾರಿಯವರು ಹಾರ್ನ್ ಹೊಡೆದು ಪ್ರಾಣ ತಿಂತಿದ್ರು. ಸರಿ ಅಂತ ಒತ್ತಿಬಿಟ್ಟೆ."

ಕಟ್ಟು ಜಾರಿ, ಕೆಳಗೆ ನಿಂತಿದ್ದ ಮೇಸ್ತ್ರಿಯ ಕಾಲು ಹೋಯಿತು. ಭಾವನೂ ಅವನೂ ಒಂದೇ ದಿನ ಕೆಲಸಕ್ಕೆ ಸೇರಿದವರು.

ಸೋಮಾರಿಗಳು ಸುಮ್ಮಸುಮ್ಮನೆ ಬೇಡ ಎಂದಾರೆಂದು ಕಾರಣವನ್ನು ಕಡ್ಡಾಯ ಮಾಡಿದ್ದು ಭಾಮೈದನೇ. ಸರಿ ಎನ್ನುವವರನ್ನೂ ಯಾಕೆಂದು ಕೇಳಬೇಕೆಂದು ಅವನಿಗೆ ಹೊಳೆದಿರಲೇ ಇಲ್ಲ. ಬೆಳಿಗ್ಗೆ ವಿಚಾರಣೆಯಲ್ಲಿ, "ಸರಿ ಒತ್ತಿದ್ದು ಯಾರು?" ಎಂದು ಕೇಳಿದಾಗ, "ಆಪರೇಟರ್," ಎಂದಿದ್ದ. ಸುಳ್ಳೇನಲ್ಲ. ಮಧ್ಯಾಹ್ನದ ಹೊತ್ತಿಗೆ ಭಾವನ ಕೆಲಸ ಹೋಗಿತ್ತು. ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡಿದ್ದಕ್ಕೆ ಈಗ ಭಾಮೈದನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಆ ಕಾರಣ ಕೇಳೋದನ್ನ ತೆಗೆದುಹಾಕ್ತೀನಿ ಭಾವ. ಬೇಡ ಅಂದ್ರೆ ಬೇಡ, ಅಷ್ಟೇ."

"ತೆಗಿಯಪ್ಪ. ಮುಂದೆ ಕ್ರೇನ್ ಹತ್ತೋರಿಗಾದ್ರೂ ಒಳ್ಳೇದಾಗ್ಲಿ."

ಭಾಮೈದ ಎದ್ದು ಬಾಗಿಲ ಬಳಿ ಹೋಗಿ ಚಪ್ಪಲಿಗೆ ಕಾಲು ಹಾಕಿದ. ಅಕ್ಕ ಒಳಗಿನಿಂದ ತಟ್ಟೆಗಳನ್ನು ತಂದು ಮೇಜಿನ ಮೇಲಿಡುತ್ತಿದ್ದಳು.

"ಎಲ್ಲಿಗೆ ಹೊರಟೆ? ಊಟ ಮಾಡ್ಕೊಂಡು ಹೋಗು."

"ಬೇಡಕ್ಕ."

"ಯಾಕೋ?"

ಅವನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. ಅಕ್ಕ ಉತ್ತರಕ್ಕಾಗಿ ಕಾಯುತ್ತಲೇ ಇದ್ದಳು.

"ಬೇಡ ಅಂದ್ನಲ್ಲ, ಬಿಡೇ," ಎಂದ ಭಾವ, ತಲೆ ಎತ್ತದೆ.

ಅಕ್ಕ ಒಂದು ತಟ್ಟೆಯನ್ನು ಮೆಲ್ಲಗೆ ಒಳಗೆ ತೆಗೆದುಕೊಂಡು ಹೋದಳು.